ಗಂಧರಾಜನಿಗೆ ಫಿಲ್ಟರ್ ನೀರು, ನಮಗೆ ಬೋರ್ ನೀರು

ನಮ್ಮ ಕಾಕಾನ ಮನೆಯಲ್ಲಿ ಒಳ್ಳೆಯ ನೀರು ಕುಡಿಯುವ ಆಸೆ ನಿಮಗಿದ್ದರೆ, ಮನುಷ್ಯರಾಗಿ ಹುಟ್ಟಿದ್ದೇ ನಿಮ್ಮ ತಪ್ಪು. ಗಿಡವಾಗಿ ಹುಟ್ಟಬೇಕಿತ್ತು! ಅದೂ ಕಂಡಕಂಡ ಗಿಡವಲ್ಲ, ಗಂಧರಾಜದ ಗಿಡ!

ನಾನು ಹುನಗುಂದದಲ್ಲಿ ಶಾಲೆಯ ಶಿಕ್ಷಕಿ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಇಳಕಲ್ಲಿಗೆ, ಕಾಕಾನ ಮನೆಗೆ ಬರುತ್ತೇನೆ. ಏಪ್ರಿಲ್ ಬಿಸಿಲಿನಲ್ಲಿ ಗಂಟಲು ಒಣಗಿಸಿಕೊಂಡು ಬಂದವಳು ಫಿಲ್ಟರಿನ ನಳಕ್ಕೆ ಕೈ ಹಾಕಿದೆನೋ ಇಲ್ಲವೋ, ಹಿತ್ತಲಿನಿಂದ ಗರ್ಜನೆ ಕೇಳಿಸುತ್ತದೆ.

"ಏ, ಆ ನಳಾ ಮುಟ್ಟಬ್ಯಾಡ! ಅದು ಅಳತಿ ಮಾಡಿಟ್ಟ ನೀರು!"

"ಮತ್ತ ನಾ ಏನ ಕುಡೀಲಿ ಕಾಕಾ?"

"ಕೊಡದಾಗ ಬೋರಿನ ನೀರು ಅದ. ನೀ ಗಟ್ಟಿ ಇದ್ದಿ, ನಿನಗೇನೂ ಆಗೂದಿಲ್ಲ."

ಸ್ವಂತ ಅಣ್ಣನ ಮಗಳಿಗೆ ಸಿಗುವ ಮರ್ಯಾದೆ ಇದು! ಕಾಕಾನ ಓಣಿಯ ಬೋರಿನ ನೀರು ಎಂಥದೆಂದು ಕುಡಿದವರಿಗೇ ಗೊತ್ತು. ಸವಳು ಸವಳು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಬಕೆಟ್ಟಿನ ಒಳಗೆಲ್ಲ ಸುಣ್ಣ ಬಳಿದಂತೆ ಬಿಳಿ ಪದರು ಕಟ್ಟುತ್ತದೆ.

ಕಾಕಾ ಮೂವತ್ತು ವರ್ಷ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದವನು. ಪ್ರಾಧ್ಯಾಪಕರು ಪಾಠ ಮಾಡುತ್ತಿದ್ದರು, ಗಾಜಿನ ನಳಿಕೆ ತೊಳೆದು, ಆ್ಯಸಿಡ್ ಅಳೆದು ಕೊಡುತ್ತಿದ್ದವನು ಇವನು. ನಿವೃತ್ತಿಯಾದ ಮೇಲೆ ಅಳೆಯಲು ಏನೂ ಇಲ್ಲದೆ ಕೈ ಕಡಿಯುತ್ತಿತ್ತೋ ಏನೋ!

ಗಂಧರಾಜ ಈ ಮನೆಗೆ ಬಂದ ಸಂಗತಿ ಮಾತ್ರ ನಗುವಂಥದ್ದಲ್ಲ. ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಕಾಕುವಿಗೆ, ಅಂದರೆ ಕಾಕಾನ ಹೆಂಡತಿಗೆ, ಕ್ಯಾನ್ಸರ್ ಆಯಿತು. ಔಷಧಕ್ಕೆ ಸೊಂಟದವರೆಗಿದ್ದ ಜಡೆ ಪೂರ್ತಿ ಉದುರಿತು. ಅಂದಿನಿಂದ ಆಕೆ ತಲೆಯ ಮೇಲಿನ ಸೆರಗನ್ನು ಯಾರೆದುರಿಗೂ ತೆಗೆದವಳಲ್ಲ, ನನ್ನೆದುರಿಗೂ ಇಲ್ಲ. ಔಷಧ ಮುಗಿದು, ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ ದಿನ ಬಾಗಲಕೋಟೆಯ ರಸ್ತೆ ಬದಿಯ ನರ್ಸರಿಯೊಂದರಲ್ಲಿ ಗಾಡಿ ನಿಲ್ಲಿಸಿದ್ದರಂತೆ. ಬಟ್ಟಲಿನಷ್ಟು ದೊಡ್ಡ, ಬೆಣ್ಣೆಯಂಥ ಬಿಳಿ ಹೂವೊಂದನ್ನು ಮೂಸಿ ನೋಡಿ ಕಾಕು ಅಂದಳಂತೆ: "ಕೂದಲಾ ಬಂದ ಮ್ಯಾಲ ಇಂಥಾದೊಂದು ಹೂವು ಮುಡಕೋಬೇಕು ನೋಡ್ರಿ. ನಮ್ಮನಿ ಗಿಡದ್ದು."

ಮುಗಿಯಿತು! ಗಿಡ ಗಾಡಿ ಹತ್ತಿತು. ಕಾಕುವಿನ ಕೂದಲು ಬರುವುದರೊಳಗೆ ಆ ಗಿಡ ಹೂ ಬಿಡಬೇಕು ಎಂಬುದೊಂದೇ ಕಾಕಾನ ಪಣ.

ಗಿಡ ಕೇಳಬೇಕಲ್ಲ? ಒಂದು ತಿಂಗಳಾಗುವಷ್ಟರಲ್ಲಿ ಎಲೆಗಳೆಲ್ಲ ಅರಿಶಿನ ಹಚ್ಚಿಕೊಂಡವು. ನರಗಳಷ್ಟೇ ಹಸಿರು. ಕಾಕಾ ಯಾರನ್ನೋ ಕೇಳಿ, ಫೋನಿನಲ್ಲಿ ಏನೇನೋ ಓದಿ, ಪಿಎಚ್ ಅಳೆಯುವ ಪೆನ್ನಿನಂಥ ಯಂತ್ರ ತರಿಸಿದ. ಬೋರಿನ ನೀರಿಗೆ ಅದ್ದಿ, ಮಗುವಿನ ಜ್ವರ ನೋಡಿದವನಂತೆ ಕೂಗಿದ: "ಎಂಟೂವರಿ! ಎಂಟೂವರಿ ಅದ!"

ಆಮೇಲೆ ನನ್ನನ್ನು ಕೂರಿಸಿಕೊಂಡು ಪಾಠ ಶುರುಮಾಡಿದ. ಏಳು ಎಂದರೆ ನಡುಮಧ್ಯ. ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ಗಂಧರಾಜನಿಗೆ ಆರರ ಆಸುಪಾಸಿನ ತುಸು ಹುಳಿ ನೆಲ ಬೇಕು, ಇಲ್ಲದಿದ್ದರೆ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ಸಿಗುವುದಿಲ್ಲವಂತೆ. ಕಾಕುವಿನ ಆರೋಗ್ಯಕ್ಕೆಂದು ತಂದ ಆರ್‌ಓ ಫಿಲ್ಟರು ಅಡುಗೆಮನೆಯಲ್ಲಿತ್ತಲ್ಲ, ಅವತ್ತಿನಿಂದ ಅದಕ್ಕೆ ಇಬ್ಬರು ಯಜಮಾನರಾದರು. ಮೊದಲ ತಂಬಿಗೆ ಕಾಕುವಿಗೆ, ಎರಡನೆಯದು ಗಂಧರಾಜನಿಗೆ, ಮೂರನೆಯದು… ಮತ್ತೆ ಗಂಧರಾಜನಿಗೆ! ನೀರು ತೀರಾ ಹುಳಿಯಾಗದಂತೆ, ತೀರಾ ಸಪ್ಪೆಯಾಗದಂತೆ ನಿಂಬೆರಸವನ್ನು ಹನಿ ಹನಿಯಾಗಿ ಬಿಟ್ಟು, ಪೆನ್ನು ಅದ್ದಿ, ಮತ್ತೊಂದು ಹನಿ ಬಿಟ್ಟು, ಮತ್ತೆ ಅದ್ದಿ, ತಂಬಿಗೆಗಳ ಸಾಲನ್ನೇ ಪಡಸಾಲೆಯಲ್ಲಿ ಇಡುತ್ತಿದ್ದ.

ಎದುರುಮನೆಯಲ್ಲಿ ಸೀರೆ ನೇಯುವ ಅಣ್ಣಾರು ಒಂದು ಮಧ್ಯಾಹ್ನ ಬಂದರು. ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ರೂಢಿ. ಕಾಕಾ ಹಿತ್ತಲಲ್ಲಿದ್ದ. ನಾನು ಸಾಲಿನಿಂದ ಒಂದು ತಂಬಿಗೆ ಎತ್ತಿ ಕೊಟ್ಟೆ. ಅವರು ಗಟಗಟನೆ ಕುಡಿದು ಬಾಯಿ ಒರೆಸಿಕೊಂಡರು.

"ತಂಗೆವ್ವಾ, ಶರಬತ್ತು ಚಲೋ ಐತಿ. ಖರೆ, ಸಕ್ಕರಿ ಹಾಕೂದು ಮರತೀ!"

ಅಷ್ಟರಲ್ಲಿ ಕಾಕಾ ಒಳಗೆ ಬಂದ. ಖಾಲಿ ತಂಬಿಗೆ ನೋಡಿ ತಲೆಯ ಮೇಲೆ ಕೈ ಹೊತ್ತು ಕುಳಿತ. "ಹೋತು! ಎರಡ ದಿನದ್ದು ಒಂದ ಗುಟುಕಿಗೆ ಹೋತು!"

ಅಣ್ಣಾರ ಮುಖ ಬಿಳಿಚಿತು. "ಸರ, ಅದರಾಗ ಏನ್ ಕೂಡಿಸಿದ್ರಿ? ನಾ ಉಳೀತೇನಿಲ್ರಿ?"

"ನಿಮಗೇನಾಗ್ತದ್ರಿ! ಗಿಡದ್ದ ಚಿಂತಿ ನನಗ!"

ಅಳೆಯುವ ಚಟ ಮನೆಯೊಳಗೆ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದೆವು. ಊಟದ ಸಾರನ್ನೂ ಅಳೆದ, ಮಜ್ಜಿಗೆಯನ್ನೂ ಅಳೆದ. ಪೆನ್ನಿನ ಜೊತೆಗೆ, ಹುಳಿ-ಕ್ಷಾರಕ್ಕೆ ತಕ್ಕಂತೆ ಬಣ್ಣ ಬದಲಿಸುವ ಕಾಗದದ ಪಟ್ಟಿಗಳನ್ನೂ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಕಾಕುವಿನ ಹರಕೆ ತೀರಿಸಲು ಕೂಡಲಸಂಗಮಕ್ಕೆ ಹೋದಾಗ ಎಲ್ಲರೂ ಹೊಳೆಗೆ ಕೈ ಮುಗಿಯುತ್ತಿದ್ದರೆ ಈತ ಬಗ್ಗಿ ಕೃಷ್ಣೆಗೊಂದು, ಮಲಪ್ರಭೆಗೊಂದು ಪಟ್ಟಿ ಅದ್ದುತ್ತಿದ್ದ! ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಭಕ್ತಿಯಿಂದ ಅಂಗೈ ಚಾಚಿದಳು. "ಯಪ್ಪಾ, ನನಗೂ ಒಂದು ಕೊಡೋ." ಕಾಕಾ ಕೊಟ್ಟ. ಆಕೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ಇಷ್ಟೆಲ್ಲ ಆದರೂ ಗಿಡ ಸೊರಗುತ್ತಲೇ ಇತ್ತು. ಎಳೆ ಎಲೆಗಳ ತುದಿ ಸುಟ್ಟಂತಾಗಿ ಮುರುಟಿದವು. ಅತ್ತ ಕಾಕುವಿನ ಕೂದಲು ಚಿಗುರಿದ ಸುದ್ದಿ ಬಂತು! ಪಂದ್ಯದಲ್ಲಿ ಗಂಧರಾಜ ಹಿಂದೆ ಬಿದ್ದಿದ್ದ. ಕಾಕಾ ಊಟ ಬಿಟ್ಟು ಕುಂಡದ ಮುಂದೆ ಕುಳಿತ. ಅಷ್ಟು ಸಪ್ಪಗಾದ ಮುಖವನ್ನು ದವಾಖಾನೆಯ ದಿನಗಳಲ್ಲಿ ಬಿಟ್ಟರೆ ನಾನು ನೋಡಿರಲಿಲ್ಲ.

ಕಾಕು ನಿಧಾನವಾಗಿ ಹಿತ್ತಲಿಗೆ ಬಂದಳು. "ಏನ್ರಿ, ಆ ಫಿಲ್ಟರಿನ ನೀರಾಗ ಏನೇನ ಇರ್ತದ?"

"ಏನೂ ಇರೂದಿಲ್ಲ! ಉಪ್ಪು, ಸುಣ್ಣ, ಎಲ್ಲಾ ತಗದಿರ್ತದ. ಅಷ್ಟು ಶುದ್ಧ!"

"ಹಂಗಾರ ಗಿಡ ತಿನ್ನೂದರ ಏನು? ದವಾಖಾನ್ಯಾಗ ನನಗ ಸಪ್ಪನ್ನ ಗಂಜಿ ಕುಡಿಸಿ ಕುಡಿಸಿ ಮಲಗಿಸಿದ್ರಲ್ಲ, ನಾ ಎದ್ದು ಕೂತದ್ದು ಯಾವಾಗ? ಡಾಕ್ಟರ್ ಹ್ಞೂಂ ಅಂದ ಮ್ಯಾಲ ನೀವು ಮನಿಯಿಂದ ಒಂದ ಹೋಳು ಉಪ್ಪಿನಕಾಯಿ ತಂದಾಗ. ಗಿಡಕ್ಕೂ ಒಂದಿಷ್ಟು ಬೋರಿನ ನೀರು ಕೂಡಿಸ್ರಿ."

ಮೂವತ್ತು ವರ್ಷದ ಪ್ರಯೋಗಾಲಯ ಎದ್ದು ಹೋಗಿ ಬೋರಿನ ಕೊಡಕ್ಕೆ ಪೆನ್ನು ಅದ್ದಿತು! ಮರುದಿನದಿಂದ ಮೂರು ಪಾಲು ಫಿಲ್ಟರಿನ ನೀರಿಗೆ ಒಂದು ಪಾಲು ಬೋರಿನ ನೀರು, ಮೇಲೆ ನಿಂಬೆಹನಿ. ಹದಿನೈದು ದಿನಕ್ಕೆ ಹೊಸ ಎಲೆ ಹಸಿರಾಗಿ ಬಂತು. ಇನ್ನೂ ಕೆಲವು ವಾರಕ್ಕೆ ಹಸಿರು ತಿರುಪಿನಂಥ ಒಂದು ಮೊಗ್ಗು. ಒಂದೇ ಒಂದು. ಕಾಕಾ ಅದರ ಪಕ್ಕದಲ್ಲಿ ಯಾರಿಗೂ ಸೀನಲು ಬಿಡಲಿಲ್ಲ!

ಅರಳಿದ್ದು ಭಾನುವಾರ ಬೆಳಿಗ್ಗೆ. ವಾಸನೆ ಓಣಿಗೆಲ್ಲ ಹಬ್ಬಿ ಅಣ್ಣಾರು, ಅವರ ಮನೆಯವರು, ಅಕ್ಕಪಕ್ಕದವರು ಎಲ್ಲ ಹಿತ್ತಲಲ್ಲಿ ಸೇರಿದರು. ಕಾಕಾ ಹೂ ಕಿತ್ತು ತಟ್ಟೆಯಲ್ಲಿಟ್ಟು ತಂದ, ಜೊತೆಗೆ ಆರು ಪಿನ್ನು. ಕಾಕು ಗೋಡೆಯ ಕಡೆ ಮುಖ ಮಾಡಿ ಸೆರಗನ್ನು ಹಿಂದಿನಿಂದ ಸ್ವಲ್ಪವೇ ಎತ್ತಿದಳು. ಕಾಕಾ ಪಿನ್ನು ಸಿಕ್ಕಿಸಿದ. ಹೂ ಜಾರಿತು. ಇನ್ನೊಮ್ಮೆ ಸಿಕ್ಕಿಸಿದ. ಮತ್ತೆ ಜಾರಿತು. ಕೂದಲು ಇನ್ನೂ ಬೆರಳಗಲ, ಹೂವೋ ಬಟ್ಟಲಗಲ. ಕಾಕಾನ ಲೆಕ್ಕಕ್ಕೆ ಹೂವಿನ ಭಾರ ಬಂದೇ ಇರಲಿಲ್ಲ.

"ಇರ್ಲಿ ಬಿಡು," ಅಂದ. ಪಿನ್ನುಗಳನ್ನು ತಟ್ಟೆಗೆ ಹಾಕಿದ. "ಕೂದಲಾ ಇನ್ನಷ್ಟು ಬರ್ಲಿ. ಮುಂದಿನ ಹೂವು ಮುಡಕೊಳ್ಳೀಯಂತ."

ಕಾಕು ಎಲ್ಲರ ಕಡೆ ತಿರುಗಿದಳು.

"ಮುಂದಿನ ಹೂವಿನ ತನಕ ಯಾರು ಕಾಯ್ತಾರ್ರಿ?" ಅಂದವಳೇ ಸೆರಗನ್ನು ಪೂರ್ತಿ ಹೆಗಲಿಗೆ ಇಳಿಸಿದಳು. ಗುಂಗುರು ಗುಂಗುರಾದ ಬೆಳ್ಳನೆಯ ಕೂದಲು, ಹಸುಗೂಸಿನ ತಲೆಯಷ್ಟು ಮೃದು. "ಅಣ್ಣಾರ, ನಿಮ್ಮ ಮಗ್ಗದಾಗಿಂದ ಒಂದು ಎಳಿ ದಾರಾ ತರ್ರಿ."

ಅಣ್ಣಾರು ಓಡಿ ಹೋಗಿ ಸೆರಗಿಗೆ ಹಾಕುವ ಕೆಂಪು ರೇಷ್ಮೆಯ ಎಳೆ ತಂದರು. ಕಾಕು ಹೂವನ್ನು ಕಿವಿಯ ಮೇಲೆ ಹಿಡಿದುಕೊಂಡು ಕುಳಿತಳು. ಕಾಕಾ ದಾರವನ್ನು ತಲೆಯ ಸುತ್ತ ತಂದ. ನಿಂಬೆರಸವನ್ನು ಹನಿಹನಿಯಾಗಿ ಅಳೆಯುವ ಆ ಕೈಗೆ ಒಂದು ಗಂಟು ಹಾಕಲಾಗಲಿಲ್ಲ, ಕಣ್ಣು ಒರೆಸಿಕೊಳ್ಳಲು ದಾರ ಬಿಟ್ಟು ಬಿಟ್ಟು ಹಿಡಿಯುತ್ತಿದ್ದ.

"ಅಳೂದು ಆಮ್ಯಾಲ ಮಾಡ್ರಿ," ಅಂದಳು ಕಾಕು. "ಮೊದಲ ಗಂಟು ಹಾಕ್ರಿ."

ಹಾಕಿದ. ಕಾಕು ಆ ದಿನ ಹಾಗೆಯೇ ಬರಿದಲೆಯಲ್ಲಿ ಓಣಿಯ ಕೊನೆಯವರೆಗೂ ನಡೆದು, ಹೂ ತೋರಿಸಿ ಬಂದಳು.