ಕಾಳ್ಗಿಚ್ಚು, ಅಡ್ವೈಸರಿ ಮತ್ತು ನನ್ನ ಬಿ.ಪಿ.

ಜೂನ್ ಬಂತೆಂದರೆ ಭೂಮಿಯ ಮೇಲರ್ಧದಲ್ಲಿ ಎಲ್ಲೋ ಒಂದು ಕಾಡಿಗೆ ಬೆಂಕಿ ಬೀಳುತ್ತದೆ. ಡಿಸೆಂಬರ್ ಬಂತೆಂದರೆ ಕೆಳಗರ್ಧದಲ್ಲಿ. ಎಲ್ಲಿ ಬಿದ್ದರೂ ಅದರ ಬಿಸಿ ಬಂದು ತಟ್ಟುವುದು ಮಾತ್ರ ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಮೇಲಿರುವ ನನ್ನ ಪುಟ್ಟ ಟ್ರಾವೆಲ್ ಆಫೀಸಿಗೆ. ಹದಿನೆಂಟು ವರ್ಷದಿಂದ ಜನರಿಗೆ ವಿದೇಶದ ಟಿಕೆಟ್ಟು, ಹೋಟೆಲು, ಜೊತೆಗೆ ಪ್ರಯಾಣ ವಿಮೆ ಮಾಡಿಸಿಕೊಡುತ್ತಿದ್ದೇನೆ. ಟಿಕೆಟ್ ಕೊಡಿಸಿದ್ದಕ್ಕೆ ಬೈದವರು ಕಡಿಮೆ, ವಿಮೆ ಮಾಡಿಸಿದ್ದಕ್ಕೆ ಬೈಯದವರು ಕಡಿಮೆ. ಕೆಳಗಿನ ನಾಲ್ಕು ಪ್ರಸಂಗ ಓದಿ ನೀವು ನಗಬಹುದು, ನನ್ನ ಅಭ್ಯಂತರವಿಲ್ಲ. ನಾನಂತೂ ಆಗ ನಗಲಿಲ್ಲ. ಈಗ ಬರೆಯುವಾಗಲೂ ಬಿ.ಪಿ. ಏರುತ್ತಿರುವುದು ವಯಸ್ಸಿನಿಂದಲ್ಲ, ಸಿಟ್ಟಿನಿಂದ.

೧. ಗೊತ್ತಾಗುವ ಮುಂಚೆ

ಚಾಮರಾಜಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವರೊಬ್ಬರು ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಹೆಂಡತಿಯನ್ನು ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋಗಲು ಹೊರಟರು. ಜನವರಿ ಪ್ರಯಾಣಕ್ಕೆ ಸೆಪ್ಟೆಂಬರಿನಲ್ಲೇ ಬುಕಿಂಗ್.

"ಇನ್ಶೂರೆನ್ಸ್ ಮಾಡಿಸ್ಬಿಡಿ ಸಾರ್. ಆ ಟೈಮಲ್ಲಿ ಅಲ್ಲಿ ಬೇಸಿಗೆ, ಕಾಡಿಗೆ ಬೆಂಕಿ ಬೀಳೋದು ಜಾಸ್ತಿ" ಎಂದೆ.

"ಏನ್ ಮೇಡಂ, ಒಳ್ಳೇ ಕೆಲಸಕ್ಕೆ ಹೊರಟಿರೋವಾಗ ಹಿಂಗಾ ಮಾತಾಡೋದು?" ಎಂದು ಹೆಂಡತಿಯ ಮುಂದೆಯೇ ನನ್ನನ್ನು ಗದರಿಸಿ ಎದ್ದು ಹೋದರು.

ಹೊರಡಲು ಎರಡು ದಿನವಿದೆ ಎನ್ನುವಾಗ ಟಿವಿ ತುಂಬ ಬೆಂಕಿ. ಇವರು ಹೋಗಬೇಕಿದ್ದ ಊರೇ ಕೆಂಪಗೆ ಉರಿಯುತ್ತಿದೆ. ಮನುಷ್ಯ ನನ್ನ ಆಫೀಸಿನ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಬಂದರು.

"ಮೇಡಂ, ತಕ್ಷಣ ಒಂದು ಪಾಲಿಸಿ ಮಾಡಿ. ಪ್ರೀಮಿಯಂ ಎಷ್ಟಾದ್ರೂ ಆಗ್ಲಿ."

"ಈಗ ಮಾಡಿಸಿದ್ರೆ ಈ ಬೆಂಕಿಗೆ ದುಡ್ಡು ಬರಲ್ಲ ಸಾರ್. ಆ ಊರಿಗೆ ಹೋಗ್ಬೇಡಿ ಅಂತ ನಿನ್ನೇನೇ ಸರ್ಕಾರದ ಅಡ್ವೈಸರಿ ಬಂದಿದೆ. ಅಂದ್ರೆ ಇದು ಗೊತ್ತಿರೋ ಅಪಾಯ ಅಂತ ಲೆಕ್ಕ. ಗೊತ್ತಾದ್ಮೇಲೆ ತಗೊಂಡ ಪಾಲಿಸಿಗೆ ಅವರು ಏನೂ ಕೊಡಲ್ಲ."

ಅವರು ಕುಳಿತರು. ನನ್ನ ಬಾಟಲಿಯ ನೀರನ್ನೆಲ್ಲ ಕುಡಿದರು. ಆಮೇಲೆ ನಿಧಾನವಾಗಿ ಕೇಳಿದರು:

"ಅಲ್ಲ ಮೇಡಂ, ಬೆಂಕಿ ಬಿದ್ದಿದೆ ಅಂತ ಗೊತ್ತಾದ್ಮೇಲೆ ಅವರು ಕೊಡಲ್ಲ. ಸರಿ. ಬೆಂಕಿ ಬೀಳುತ್ತೆ ಅಂತ ಗೊತ್ತೇ ಇಲ್ಲದಿರೋವಾಗ ನಾನ್ಯಾಕೆ ತಗೋಬೇಕು?"

ಇದಕ್ಕೆ ಉತ್ತರ ಗೊತ್ತಿದ್ದರೆ ನಾನು ಈ ಮಹಡಿಯ ಮೇಲೆ ಕೂತಿರುತ್ತಿರಲಿಲ್ಲ, ವಿಮಾ ಕಂಪನಿಯ ಮುಖ್ಯಸ್ಥೆಯಾಗಿರುತ್ತಿದ್ದೆ.

೨. ಹೋದವರು, ಹೋಗದವರು

ಟರ್ಕಿಯ ಕಡಲತೀರದ ಒಂದೇ ಊರಿಗೆ, ಒಂದೇ ವಾರದಲ್ಲಿ ಎರಡು ಕುಟುಂಬಗಳಿಗೆ ಬುಕ್ ಮಾಡಿಕೊಟ್ಟಿದ್ದೆ. ಒಂದು ಮಲ್ಲೇಶ್ವರದ ನಿವೃತ್ತ ಬ್ಯಾಂಕ್ ದಂಪತಿ, ಇನ್ನೊಂದು ಬಸವನಗುಡಿಯ ಹಲ್ಲಿನ ಡಾಕ್ಟರ ಸಂಸಾರ. ಇಬ್ಬರೂ ನನ್ನ ಮಾತು ಕೇಳಿ ಮೊದಲೇ ವಿಮೆ ಮಾಡಿಸಿದ ಪುಣ್ಯಾತ್ಮರು.

ಹೊರಡುವ ವಾರ ಆ ಊರಿನ ಹತ್ತಿರದ ಗುಡ್ಡಕ್ಕೆ ಬೆಂಕಿ ಬಿತ್ತು. "ಅತ್ಯಗತ್ಯವಿದ್ದರೆ ಮಾತ್ರ ಪ್ರಯಾಣಿಸಿ" ಎಂದು ಅಡ್ವೈಸರಿ ಬಂತು. ಬ್ಯಾಂಕ್ ದಂಪತಿ ಹೆದರಿ ಪ್ರಯಾಣ ರದ್ದು ಮಾಡಿದರು. ಡಾಕ್ಟರು ವಿಮಾ ಕಂಪನಿಗೇ ಫೋನ್ ಮಾಡಿ ಕೇಳಿದರು. "ಅಡ್ವೈಸರಿ ಅಂದ್ರೆ ಬರೀ ಸಲಹೆ ಸಾರ್, ನಿಷೇಧ ಅಲ್ಲ" ಎಂದರಂತೆ ಅಲ್ಲಿಯವರು. ಡಾಕ್ಟರ ಸಂಸಾರದವರು ಹೋದರು. ಮೂರನೇ ದಿನ ಬೆಂಕಿ ಹೋಟೆಲಿನ ಹಿತ್ತಿಲಿಗೆ ಬಂತು. ಸೂಟ್‌ಕೇಸ್ ಅಲ್ಲೇ ಬಿಟ್ಟು, ಉಟ್ಟ ಬಟ್ಟೆಯಲ್ಲಿ ದೋಣಿ ಹತ್ತಿ ಜೀವ ಉಳಿಸಿಕೊಂಡರು.

ಎರಡೂ ಕ್ಲೇಮ್ ಕಳಿಸಿದೆ. ಎರಡಕ್ಕೂ ಒಂದೇ ದಿನ ಉತ್ತರ ಬಂತು.

ಬ್ಯಾಂಕ್ ದಂಪತಿಗೆ: "ಸದರಿ ಅಡ್ವೈಸರಿಯು ಪ್ರಯಾಣವನ್ನು ನಿಷೇಧಿಸಿರುವುದಿಲ್ಲ. ತಾವು ಸ್ವಂತ ಭಯದಿಂದ ರದ್ದುಪಡಿಸಿರುತ್ತೀರಿ. ಭಯಕ್ಕೆ ವಿಮಾ ರಕ್ಷಣೆ ಇರುವುದಿಲ್ಲ."

ಡಾಕ್ಟರಿಗೆ: "ಸದರಿ ಅಡ್ವೈಸರಿಯು ಸ್ಪಷ್ಟ ಎಚ್ಚರಿಕೆ ನೀಡಿದ್ದಾಗ್ಯೂ ತಾವು ಕಡೆಗಣಿಸಿ ಪ್ರಯಾಣಿಸಿರುತ್ತೀರಿ. ನಿರ್ಲಕ್ಷ್ಯಕ್ಕೆ ವಿಮಾ ರಕ್ಷಣೆ ಇರುವುದಿಲ್ಲ."

ಕೆಳಗೆ ಒಂದೇ ಸಹಿ! ಆ ಕ್ಷಣ ನನ್ನ ತಲೆಯಲ್ಲಿ ಏನೋ ಪಟ್ ಎಂದಿತು. ಎರಡೂ ಕಾಗದ ಹಿಡಿದು, ಆಟೋದವನು ಕೇಳಿದ ಮೀಟರ್ ಮೇಲಿನ ದುಡ್ಡಿಗೂ ಜಗಳ ಮಾಡದೆ, ನೇರ ವಿಮಾ ಕಂಪನಿಯ ಆಫೀಸಿಗೆ ಹೋದೆ. ಸಹಿ ಮಾಡಿದ ಕ್ಲೇಮ್ ಆಫೀಸರ್ ಮೂವತ್ತೈದರ ಯುವಕ. ಯಾರು ಬೈದರೂ ನಗುತ್ತಲೇ ಇರುವ ತರಬೇತಿ ಪಡೆದವನು.

"ನೋಡಿ ಸಾರ್, ಒಂದೇ ಅಡ್ವೈಸರಿ. ಹೋಗದವರಿಗೆ 'ಯಾಕೆ ಹೋಗಲಿಲ್ಲ' ಅಂತೀರಿ. ಹೋದವರಿಗೆ 'ಯಾಕೆ ಹೋದ್ರಿ' ಅಂತೀರಿ. ನಾಚಿಕೆ ಆಗಲ್ವಾ ನಿಮಗೆ?"

"ಇಬ್ಬರೂ ಷರತ್ತುಗಳನ್ನ ಸರಿಯಾಗಿ ಓದಿಲ್ಲ ಮೇಡಂ" ಎಂದು ನಕ್ಕ.

"ನಾನು ಓದಿದೀನಿ. ಇಪ್ಪತ್ತೆಂಟು ಪುಟ, ಭೂತಗನ್ನಡಿ ಇಟ್ಕೊಂಡು ಓದಿದೀನಿ. ಹೋದ್ರೂ ಕೊಡಲ್ಲ, ಹೋಗದಿದ್ರೂ ಕೊಡಲ್ಲ. ಮತ್ತೆ ಯಾರಿಗೆ ಸ್ವಾಮಿ ಕೊಡ್ತೀರಿ?"

ಅವನು ಕಂಪ್ಯೂಟರ್ ನೋಡಿ, ಪ್ರಾಮಾಣಿಕವಾಗಿ ಯೋಚಿಸಿ ಹೇಳಿದ: "ವಿಮಾನ ಹತ್ತಿದ ಮೇಲೆ, ಇಳಿಯೋಕೆ ಮುಂಚೆ ಅಡ್ವೈಸರಿ ಬಂದಿದ್ರೆ ನೋಡಬಹುದಿತ್ತು ಮೇಡಂ."

೩. ಒಂದನ್ನು ಒತ್ತಿ

ಅದೇ ಡಾಕ್ಟರು ದೋಣಿಗೆ ಕಾಯುತ್ತಾ ಮರಳಿನ ಮೇಲೆ ನಿಂತಿದ್ದಾಗ ವಿಮಾ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ್ದರಂತೆ. ಆಮೇಲೆ ನನ್ನೆದುರು ಕುಳಿತು ಅದನ್ನು ಹೇಳುವಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು, ಬೇರೆಯವರ ಹಲ್ಲು ಸರಿ ಮಾಡುವ ಮನುಷ್ಯ.

ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ ಎಂದು ಹತ್ತು ನಿಮಿಷ ಒತ್ತಿದ ಮೇಲೆ ಒಂದು ಹುಡುಗಿಯ ದನಿ ಬಂತು.

"ಸರ್, ತಾವು ಈಗ ಸುರಕ್ಷಿತ ಸ್ಥಳದಲ್ಲಿದ್ದೀರಾ?"

"ಇಲ್ಲಮ್ಮ! ಹಿಂದೆ ಬೆಂಕಿ, ಮುಂದೆ ಸಮುದ್ರ!"

"ದಯವಿಟ್ಟು ಸುರಕ್ಷಿತ ಸ್ಥಳಕ್ಕೆ ತೆರಳಿ ಕರೆ ಮಾಡಿ ಸರ್. ಇದು ನಿಮ್ಮ ಸುರಕ್ಷತೆಗಾಗಿ."

ಫೋನ್ ಕಟ್. ಮರುಕ್ಷಣವೇ ಒಂದು ಮೆಸೇಜ್: ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ? ಡಾಕ್ಟರು ಆ ಬೆಂಕಿಯ ಬೆಳಕಿನಲ್ಲೇ ಸೊನ್ನೆ ಎಂದು ಟೈಪ್ ಮಾಡಿದರು. ತಕ್ಷಣ ಉತ್ತರ ಬಂತು: "ಕ್ಷಮಿಸಿ, ಸೊನ್ನೆ ಕೊಡಲು ಅವಕಾಶವಿಲ್ಲ. ಕನಿಷ್ಠ ಒಂದನ್ನು ಒತ್ತಿ."

೪. ವಾಸಕ್ಕೆ ಯೋಗ್ಯ

ಶಿರಸ್ತೇದಾರಮ್ಮ ಎಂದು ನಾನು ಕರೆಯುವ ಹಿರಿಯರೊಬ್ಬರಿದ್ದಾರೆ. ವಿಶ್ವೇಶ್ವರಪುರಂನಲ್ಲಿ ಮನೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತಾರು ವರ್ಷ ಕಡತ ನೋಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹೋದ ವರ್ಷ ತಂಗಿಯ ಜೊತೆ ಕೆನಡಾದ ಸರೋವರಗಳನ್ನು ನೋಡಲು ಹೋದರು. ತಂಗಿಗೆ ಉಬ್ಬಸ.

ಬೆಟ್ಟದ ಊರಿಗೆ ಹೋಗಿ ಇಳಿದ ಎರಡನೇ ದಿನ ದೂರದ ಕಾಡಿನ ಬೆಂಕಿಯ ಹೊಗೆ ಊರನ್ನು ಮುಚ್ಚಿತು. ಸರೋವರವಿರಲಿ, ಎದುರಿನ ಕಟ್ಟಡವೂ ಕಾಣದು. ಇಬ್ಬರು ಮುದುಕಿಯರು ಹೋಟೆಲ್ ಕೋಣೆಯ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಕುಳಿತರು. ತಂಗಿಯ ತುಟಿ ನೀಲಿಯಾಗತೊಡಗಿತು. ಶಿರಸ್ತೇದಾರಮ್ಮ ಹೆಚ್ಚು ಯೋಚಿಸಲಿಲ್ಲ. ಸಿಕ್ಕ ಟ್ಯಾಕ್ಸಿ ಹಿಡಿದು, ಸಿಕ್ಕ ಬೆಲೆಗೆ ಹೊಸ ಟಿಕೆಟ್ ತೆಗೆದು, ತಂಗಿಯನ್ನು ಜೀವಂತವಾಗಿ ಊರಿಗೆ ಕರೆತಂದರು.

ಅವರ ಪಾಲಿಸಿಯಲ್ಲಿ ಸ್ಪಷ್ಟವಾಗಿತ್ತು: ಕಾಳ್ಗಿಚ್ಚಿನಿಂದ ತಂಗಿದ ಸ್ಥಳ ವಾಸಕ್ಕೆ ಅಯೋಗ್ಯವಾದರೆ ವಾಪಸು ಬರುವ ಖರ್ಚು ಕಂಪನಿಯದು. ಅದೇ ವಿಮಾ ಕಂಪನಿಗೆ ಕ್ಲೇಮ್ ಹಾಕಿದೆವು. ಉತ್ತರ ಬಂತು: "ತಾವು ತಂಗಿದ್ದ ಹೋಟೆಲ್ ಸುಟ್ಟಿರುವುದಿಲ್ಲ. ಹೊಗೆಯು ಬೆಂಕಿಯಲ್ಲ. ಕೊಠಡಿಯು ವಾಸಕ್ಕೆ ಯೋಗ್ಯವಾಗಿಯೇ ಇತ್ತು."

ಅದನ್ನು ಓದಿ ನಾನು ಮೇಜು ಗುದ್ದಿದೆ. ಶಿರಸ್ತೇದಾರಮ್ಮ ಗುದ್ದಲಿಲ್ಲ. ಕಾಗದವನ್ನು ಮೂರು ಸಲ ಓದಿ, ನಾಲ್ಕಾಗಿ ಮಡಿಸಿ, "ಶುಕ್ರವಾರ ಅವರ ಆಫೀಸಿಗೆ ಹೋಗೋಣ ಕಣಮ್ಮ" ಎಂದರು.

ಶುಕ್ರವಾರ ದೊಡ್ಡ ಕುಂಕುಮವಿಟ್ಟುಕೊಂಡು, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದು ಬಂದರು. ಅದೇ ನಗುವ ಆಫೀಸರ್ ತನ್ನ ಎ.ಸಿ. ಕೋಣೆಯಲ್ಲಿ ನಮ್ಮನ್ನು ಕೂರಿಸಿ, "ಹೇಳಿ ಅಮ್ಮ" ಎಂದ. ಶಿರಸ್ತೇದಾರಮ್ಮ ಚೀಲದಿಂದ ಸ್ಟೀಲ್ ತಟ್ಟೆ ತೆಗೆದು ಅವನ ಮೇಜಿನ ಮೇಲಿಟ್ಟರು. ಅದರ ಮೇಲೆ ಎಂಟು ಸಾಂಬ್ರಾಣಿ ಕಪ್ ಜೋಡಿಸಿ, ಹಚ್ಚಿ, ಉರಿ ಆರುವಂತೆ ಊದಿದರು. ಪೂಜೆ ಎಂದುಕೊಂಡು ಆ ಹುಡುಗ ಕೈ ಮುಗಿದ!

ಎರಡು ನಿಮಿಷದಲ್ಲಿ ಅವನ ಮುಖ ಕಾಣದಾಯಿತು. ಕೆಮ್ಮು ಮಾತ್ರ ಕೇಳುತ್ತಿತ್ತು.

"ಅಮ್ಮಾ, ಆರಿಸಿ!"

"ಏನ್ ಆರಿಸ್ಲಿ? ಬೆಂಕಿ ಎಲ್ಲಿದೆ?"

"ಹೊಗೆ... ಹೊಗೆ ಅಮ್ಮಾ!"

"ಮೇಜು ಸುಟ್ಟಿದೆಯಾ? ಕುರ್ಚಿ ಸುಟ್ಟಿದೆಯಾ? ಇಲ್ವಲ್ಲ. ಕೋಣೆ ವಾಸಕ್ಕೆ ಯೋಗ್ಯವಾಗೇ ಇದೆ. ಕೂತ್ಕೊಳ್ಳಿ, ಮಾತಾಡೋಣ."

ಅಷ್ಟರಲ್ಲಿ ಹೊಗೆಯ ಅಲಾರಂ ಕೂಗಿಕೊಂಡಿತು. ಮೂರು ಮಹಡಿಯ ಜನ ಮೆಟ್ಟಿಲಿಳಿದು ರಸ್ತೆಗೆ ಓಡಿದರು. ನಾವೂ ಇಳಿದೆವು. ಶಿರಸ್ತೇದಾರಮ್ಮ ನಿಧಾನವಾಗಿ, ತಟ್ಟೆಯ ಮೇಲೆ ನೀರು ಚಿಮುಕಿಸಿಯೇ ಇಳಿದರು. ಈಗ ಪೊಲೀಸರನ್ನು ಕರೆದರೆ ನನ್ನ ಲೈಸೆನ್ಸ್ ಗತಿ?

ಕ್ಲೇಮ್ ಏನಾಯಿತು ಎಂದು ಕೇಳುತ್ತೀರಿ. ಮೂರು ವಾರದಲ್ಲಿ ಪೂರ್ತಿ ಬಂತು. ಯಾಕೆ ಬಂತು ಎಂದರೆ ಆ ಫುಟ್‌ಪಾತಿನ ಮೇಲೆ ನಡೆದದ್ದನ್ನು ಹೇಳಬೇಕು.

ಆಫೀಸರ್ ಮೊದಲ ಸಲ ನಗುವುದನ್ನು ಮರೆತಿದ್ದ. ಕಣ್ಣು ಕೆಂಪಗಾಗಿ, ಇಡೀ ಆಫೀಸು, ದಾರಿಹೋಕರು ನೋಡುತ್ತಿದ್ದಂತೆ ಕೂಗಿದ: "ಕೇಸ್ ಹಾಕ್ತೀನಿ ನಿಮ್ಮ ಮೇಲೆ!"

"ಹಾಕಪ್ಪ. ಏನಂತ ಹಾಕ್ತೀಯ?"

"ಏನಂತನಾ? ಬೆಂಕಿ ಇಲ್ಲದಿದ್ರೂ ಬರೀ ಹೊಗೆಯಿಂದ ಒಂದು ನಿಮಿಷ ಒಳಗೆ ಇರೋಕಾಗ್ಲಿಲ್ಲ, ಎಲ್ಲರೂ ಹೊರಗೆ ಓಡಿ ಬರಬೇಕಾಯ್ತು ಅಂತ!"

ಶಿರಸ್ತೇದಾರಮ್ಮ ಕನ್ನಡಕ ಏರಿಸಿ, ಚೀಲದಿಂದ ಬಿಳಿ ಹಾಳೆ, ಪೆನ್ನು ತೆಗೆದು ಅವನ ಮುಂದೆ ಹಿಡಿದರು.

"ಇದನ್ನೇ ಬರೆದು ಸೈನ್ ಹಾಕಿ ಕೊಡಪ್ಪ. ಮೂರು ಪ್ರತಿ."