ಮೂವತ್ತು ಕಾರ್ಡು, ಒಂದು ಪೂಜೆ

ಕೊಳ್ಳೇಗಾಲ ತಾಲ್ಲೂಕಿನ ಶಿಕ್ಷಣ ಕ್ಷೇತ್ರದಲ್ಲಿ ಕ್ರಾಂತಿ ಮಾಡಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ ದಿನ ನಮ್ಮ ಮನೆಯಲ್ಲಿ ಉಪ್ಪಿಟ್ಟು. ಅದು ಬಾಯಲ್ಲಿರುವಾಗಲೇ ಘೋಷಿಸಿದೆ: "ಕೋಮಲ, ಇನ್ಮೇಲೆ ನನ್ನ ಕ್ಲಾಸಲ್ಲಿ ಬರೀ ಕ್ಯೂಆರ್ ಕೋಡ್!"

"ಮೊದ್ಲು ಬಾಯಲ್ಲಿರದು ನುಂಗಿ, ಆಮೇಲೆ ಮಾತಾಡಿ" ಎಂದಳು ನನ್ನ ಹೆಂಡತಿ.

ನಾನು ಹಳ್ಳಿ ಶಾಲೆಯೊಂದರ ವಿಜ್ಞಾನದ ಮೇಷ್ಟ್ರು. ಸೋಮವಾರ ಇಲಾಖೆಯ ಅಧಿಕಾರಿ ಸದಾಶಿವಪ್ಪನವರು ನನ್ನ ಪಾಠ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಚಾಮರಾಜನಗರದಲ್ಲಿ ಇಡೀ ಜಿಲ್ಲೆಯ ಮೇಷ್ಟ್ರುಗಳ ಮುಂದೆ ನನ್ನ ಪಾಠ! ಹದಿನೆಂಟು ವರ್ಷದ ಸರ್ವೀಸಿನಲ್ಲಿ ನನ್ನನ್ನು ಯಾರೂ ವೇದಿಕೆ ಹತ್ತಿಸಿರಲಿಲ್ಲ. ಮೈಕು ಹಿಡಿದದ್ದೇನೋ ಉಂಟು, ಅದೂ ಪಕ್ಕದವರಿಗೆ ದಾಟಿಸುವುದಕ್ಕೆ! ಈ ಸಲ ಬಿಡುವ ಮಾತೇ ಇಲ್ಲ.

ಮೂವತ್ತು ಬೀಜಗಳಿಗೆ ಮೂವತ್ತು ಕಾರ್ಡು, ಒಂದೊಂದು ಕಾರ್ಡಿನ ತುಂಬ ಒಂದೊಂದು ಕ್ಯೂಆರ್ ಕೋಡ್. ರಾಗಿ, ಹುರುಳಿ, ಅವರೆ, ಹೊಂಗೆ... ಕಾರ್ಡಿಗೆ ಫೋನ್ ಹಿಡಿದರೆ ಸಾಕು, ಆ ಬೀಜ ಹೇಗೆ ಮೊಳೆಯುತ್ತದೆ ಎಂದು ನನ್ನದೇ ಅಮೃತಕಂಠದಲ್ಲಿ ವಿವರಣೆ! ಹುರುಳಿಯ ಪಾಠದಲ್ಲಿ ಕುಕ್ಕರ್ ಎರಡು ಸಲ ಕೂಗಿತ್ತು. ಅವರೆಯ ನಡುವೆ "ರೀ, ಹಾಲು ಉಕ್ತಾ ಅದೆ" ಎಂಬ ಕೋಮಲಳ ದನಿಯೂ ಇತ್ತು. ಇರಲಿ, ಸಹಜವಾಗಿದೆ ಎಂದು ಬಿಟ್ಟೆ. ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಅಗ್ಗದ ಇಂಕಿನ ಪ್ರಿಂಟ್ ಹಾಕಿಸಿ ತಂದೆ.

ಸೋಮವಾರ ಬೆಳಗ್ಗೆ ಕೋಮಲ ಕೇಳಿದಳು: "ಒಸ ಸಾಮಾನು ಕಣ್ರಿ, ಪೂಜೆ ಮಾಡ್ದೆ ಅಂಗೇ ಒಸ್ಲು ದಾಟುಸ್ತೀರಾ?"

ನಮ್ಮ ಮನೆಯಲ್ಲಿ ಇದು ಕಾನೂನು. ಬೈಕು, ಮಿಕ್ಸಿ, ಕೊನೆಗೆ ಪ್ಲಾಸ್ಟಿಕ್ ಕುರ್ಚಿ ಕೂಡ ವಿಭೂತಿ, ಕುಂಕುಮ ಇಲ್ಲದೆ ಕೆಲಸಕ್ಕೆ ಇಳಿದದ್ದಿಲ್ಲ. "ಏನಾದ್ರೂ ಮಾಡ್ಕೊ, ಬೇಗ!" ಎಂದು ಸ್ನಾನಕ್ಕೆ ಓಡಿದೆ. ಬರುವಷ್ಟರಲ್ಲಿ ಕಾರ್ಡುಗಳೆಲ್ಲ ಹೊಸ ಟವಲಿನಲ್ಲಿ ಗಂಟಾಗಿ, ಮೇಲೊಂದು ಸೇವಂತಿಗೆ ಮುಡಿದು ಕೂತಿದ್ದವು. ಬಿಚ್ಚಿ ನೋಡುವಷ್ಟು ಹೊತ್ತಿರಲಿಲ್ಲ. ಹನೂರು ಬಸ್ಸು ಹತ್ತಿದೆ.

ಏಳನೇ ತರಗತಿ. ಹಿಂದಿನ ಬೆಂಚಿನಲ್ಲಿ ಸದಾಶಿವಪ್ಪನವರು. "ಮಕ್ಕಳೇ, ನಿಮ್ಮ ಭವಿಷ್ಯ ಈ ಗಂಟಿನೊಳಗಿದೆ!" ಎಂದು ಟವಲು ಬಿಚ್ಚಿದೆ. ಘಮ್ಮೆಂದು ಊದುಬತ್ತಿ ವಾಸನೆ! ಮೂವತ್ತೂ ಕಾರ್ಡುಗಳ ನಾಲ್ಕೂ ಮೂಲೆಗೆ ಕಲಸಿದ ವಿಭೂತಿ, ಅದರ ಮೇಲೆ ಕುಂಕುಮ! ಸದಾಶಿವಪ್ಪನವರು ಗಡಬಡಿಸಿ ಎದ್ದು ಚಪ್ಪಲಿ ಕಳಚಿದರು.

ಫೋನ್ ಹಿಡಿದೆ. ಶಾಲೆಯ ಟ್ಯಾಬ್ ಹಿಡಿದೆ. ಊಹೂಂ!

"ಸಾ, ಫೋನು ಸುಮ್ನೆ ನೋಡ್ತಾ ಕುಂತದೆ ಕಣ್ ಸಾ" ಎಂದಳು ಮುಂದಿನ ಬೆಂಚಿನ ದೀಪಶ್ರೀ.

ಒದ್ದೆ ಕರ್ಚೀಫಿನಲ್ಲಿ ಒರೆಸಿದೆ. ವಿಭೂತಿಯ ಜೊತೆ ಇಂಕೂ ಹೊರಟು ಬಂತು! ರಾಗಿ ಯಾವುದು, ಹೊಂಗೆ ಯಾವುದು, ಎಲ್ಲ ಒಂದೇ ಕಪ್ಪು ಕೆಸರು. ಚಾಮರಾಜನಗರದ ವೇದಿಕೆ ನನ್ನ ಕಣ್ಣೆದುರೇ ಕರಗಿ ಕರ್ಚೀಫಿಗೆ ಇಳಿಯಿತು. ಅಳುವುದೊಂದು ಬಾಕಿ.

ಸಿಟ್ಟಿನಲ್ಲಿ ಮನೆಗೆ ಫೋನ್ ಮಾಡಿದೆ. ಪಾಠ ಕೇಳಿಸಲೆಂದು ಫೋನನ್ನು ಶಾಲೆಯ ದೊಡ್ಡ ಸ್ಪೀಕರಿಗೆ ಜೋಡಿಸಿದ್ದು ಮರೆತೇ ಹೋಗಿತ್ತು!

"ಕಾರ್ಡಿಗೆ ಏನೇ ಮಾಡಿದೀಯ?"

ಕೋಮಲಳ ದನಿ ಇಡೀ ಕೋಣೆಯಲ್ಲಿ ಮೊಳಗಿತು: "ಯಾಕ್ರಿ? ಕುಂಕುಮ ಇಡಾಕೆ ಅಂತ ನೀವೇ ಮೂರ್ ಮೂಲೇಲಿ ಚೌಕ ಆಕ್ಸಿದ್ರಲ್ಲ! ನಾಕ್ನೇ ಮೂಲೆ ಬುಟ್ಬುಟ್ಟಿದ್ರಿ. ಪಾಪ, ಅವಸ್ರದಲ್ಲಿ ಮರ್ತವ್ರೆ ಅಂತ ಅಲ್ಗೂ ನಾನೇ ಇಟ್ಟೆ."

ತರಗತಿ ಬಿದ್ದು ಬಿದ್ದು ನಕ್ಕಿತು. ದೀಪಶ್ರೀ ಮಾತ್ರ ಕೈ ಎತ್ತಿದಳು: "ಸಾ, ಅದ್ಯಾಕೆ ಮೂರೇ ಮೂಲೇಲಿ ಚೌಕ ಇರದು?"

ಹೇಳದೆ ವಿಧಿಯಿಲ್ಲ. ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಬರೆದೆ. ಫೋನು ಮೊದಲು ಆ ಮೂರು ಚೌಕಗಳನ್ನು ಹುಡುಕುತ್ತದೆ, ಚೌಕವಿಲ್ಲದ ಮೂಲೆ ನೋಡಿ ಕಾರ್ಡು ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ತಿಳಿದುಕೊಳ್ಳುತ್ತದೆ ಎಂದೆ.

"ಅಂಗಾರೆ ಅಮ್ಮಾವ್ರು ನಾಕ್ ಮೂಲೇನೂ ಮುಚ್ಬುಟ್ರಲ್ಲ, ಫೋನ್ಗೆ ತಲೆ ಯಾವ್ದು ಕಾಲ್ ಯಾವ್ದು ಅಂತ ತಿಳೀನಿಲ್ಲ!" ಎಂದು ದೀಪಶ್ರೀ ಕುಣಿದಳು.

ಅಷ್ಟೇ! ಮಕ್ಕಳು ಪಠ್ಯಪುಸ್ತಕದಲ್ಲಿದ್ದ ಕೋಡ್ ಮೇಲೆ ಬೆರಳಿಟ್ಟು, ಟ್ಯಾಬ್ ಹಿಡಿದು ಪರೀಕ್ಷೆ ಶುರುಮಾಡಿದರು. "ಒಂದ್ ಚೌಕ ಮುಚ್ಚುದ್ರೂ ಓದಕಿಲ್ಲ ಸಾ!" "ನಡುವೆ ಒಂಚೂರು ಮುಚ್ಚುದ್ರೆ ಓದ್ತದೆ ಸಾ!" "ಯಾಕ್ ಸಾ? ಎಂಗ್ ಸಾ?" ಊಟದ ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ನನಗೋ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ!

ಸದಾಶಿವಪ್ಪನವರು ಬರಿಗಾಲಲ್ಲೇ ಬಂದು ಕೈ ಕುಲುಕಿದರು: "ಮೇಷ್ಟ್ರೇ, ಜಿಲ್ಲೆಗೆ ಇದೇ ಪಾಠ! ಆ ಬೀಜ ಗೀಜ ಎಲ್ಲ ಬೇಡ."

ಸಂಜೆ ಮನೆಗೆ ಬಂದವನೇ ಎದೆಯುಬ್ಬಿಸಿ ಹೇಳಿದೆ: "ನೀನು ಅಷ್ಟೆಲ್ಲ ಅವಾಂತರ ಮಾಡಿದ್ರೂ ನನ್ನ ಬುದ್ಧಿವಂತಿಕೆಯಿಂದ ಗೆದ್ದು ಬಂದೆ!"

ಕೋಮಲ ದೇವರಮನೆ ಕಡೆ ತಿರುಗಿ ಕೈಮುಗಿದಳು.

"ಇಷ್ಟ್ ವರ್ಸ ಬರೀ ಬುದ್ಧಿವಂತ್ಕೆ ತಕಂಡು ಓಯ್ತಿದ್ರಲ್ಲ, ಯಾರಾದ್ರೂ ಕರದ್ರಾ? ಒಂದೇ ಒಂದ್ ದಿನ ಪೂಜೆ ಮಾಡಿ ಕಳ್ಸುದ್ರೆ ಜಿಲ್ಲೆಗೇ ಕರೀತಾವ್ರೆ!"