ಉಪಕಾರ ಸಂಘದ ಎದುರಿನ ಸೋಡಾ ಅಂಗಡಿ

ಪರೋಪಕಾರ ದೊಡ್ಡ ಗುಣ, ಅದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಅದನ್ನು ಮಾಡುವವರು ನಮ್ಮ ಅಂಗಡಿಯಿಂದ ಒಂದು ಹರದಾರಿಯಾದರೂ ದೂರ ನಿಂತು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು. ಬಿಟ್ಟೆ ಎನ್ನುವುದಕ್ಕಿಂತ, ಸಾಲಿಗೂ ನನಗೂ ಕೂಡಿಬರಲಿಲ್ಲ ಎನ್ನುವುದು ಮರ್ಯಾದೆಯ ಮಾತು. ಅಂದಿನಿಂದ ದುಡಿದೇ ಉಂಡವನು. ವಿಜಾಪುರದಲ್ಲಿ ಒಬ್ಬರ ಸೋಡಾ ಯಂತ್ರ ತಿರುವಿ ತಿರುವಿ ತೋಳು ಗಟ್ಟಿ ಮಾಡಿಕೊಂಡು, ಕಡೆಗೆ ಆ ಹಳೆಯ ಯಂತ್ರವನ್ನೇ ಕೊಂಡು ಚಕ್ಕಡಿಯಲ್ಲಿ ಹೇರಿ ತಂದು, ತಿಕೋಟಾದಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಗೋಲಿ ಸೋಡಾದ ಅಂಗಡಿ ಹಾಕಿದೆ. ಬ್ಯಾಸಗಿ ಬಿಟ್ಟು ಉಳಿದ ದಿನಗಳಲ್ಲಿ ಸೋಡಾ ಕುಡಿಯುವವರೆಂದರೆ ಮದುವೆಯೂಟ ಉಂಡು ಹೊಟ್ಟೆ ಉಬ್ಬಿಸಿಕೊಂಡವರು ಮಾತ್ರ. ಬ್ಯಾಸಗಿಯೇ ನಮ್ಮ ಸುಗ್ಗಿ. ಊರೆಲ್ಲ ಬಿಸಿಲನ್ನು ಬೈಯುವಾಗ ನಾನೊಬ್ಬ ಅದಕ್ಕೆ ಕೈ ಮುಗಿಯುತ್ತಿದ್ದೆ.

ಅಂಥ ಬ್ಯಾಸಗಿಯ ಬಾಯಿಗೇ ಹುಟ್ಟಿತು ನೋಡಿ, ಸಾಲಿ ಹುಡುಗರ ಉಪಕಾರ ಸಂಘ. ಮಾಸ್ತರರು ದೂರ ನಿಂತು ನಗುವುದಷ್ಟೆ, ನಡೆಸುವವರೆಲ್ಲ ಹುಡುಗರೇ. ಬ್ಯಾಸಗಿಯಲ್ಲಿ ಸಾಲಿ ಬರೀ ಮುಂಜಾನೆ, ಮಧ್ಯಾಹ್ನವೆಲ್ಲ ಉಪಕಾರಕ್ಕೆ ಬಿಡುವು. ಮೊದಮೊದಲು ಮುದುಕಿಯರ ಗಂಟು ಹೊತ್ತು ಬಸ್ಸಿಗೆ ಹತ್ತಿಸಿದರು. ಬಬಲೇಶ್ವರಕ್ಕೆ ಹೋಗಬೇಕಾದ ಮುದುಕಿಯೊಬ್ಬಳನ್ನು ಅಥಣಿ ಬಸ್ಸಿಗೆ ಹತ್ತಿಸಿ ಪ್ರೀತಿಯಿಂದ ಕೈ ಬೀಸಿದ್ದೂ ಉಂಟು. ನಾನೂ ನಕ್ಕೆ. ಆಮೇಲೆ ಒಂದು ದಿನ ನನ್ನ ಅಂಗಡಿಯ ಎದುರಿಗೇ, ಬೇವಿನ ಗಿಡದ ಕೆಳಗೆ, ಒದ್ದೆ ಗೋಣಿತಟ್ಟು ಸುತ್ತಿದ ದೊಡ್ಡ ಮಣ್ಣಿನ ಹರವಿ ಬಂದು ಕೂತಿತು. ಅರವಟ್ಟಿಗೆಯಂತೆ. ದಾರಿಹೋಕರಿಗೆಲ್ಲ ಪುಕ್ಕಟೆ ತಣ್ಣೀರು. ತಂಬಿಗೆ ಹಿಡಿದು ನಿಂತವಳು ಸಂಘದ ಅಧ್ಯಕ್ಷಿಣಿ. ಅಧ್ಯಕ್ಷಿಣಿ ಎಂದರೆ ಏಳನೇ ಇಯತ್ತೆಯ ಕಸ್ತೂರಿ. ಕಸ್ತೂರಿ ಎಂದರೆ ನನ್ನ ಮಗಳು.

ಮನೆಯಲ್ಲಿ ಹಾರಾಡಿದೆ. ನಮ್ಮಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು: "ಮಗಳು ಪುಣ್ಯದ ಕೆಲಸ ಮಾಡಾಕತ್ತಾಳ, ನಿಮಗ್ಯಾಕ ಹೊಟ್ಟಿ ಉರೀತೈತಿ? ಒಂದು ಸೋಡಾ ಕುಡೀರಿ."

ಸಿಟ್ಟಿನಿಂದ ಆಗದ್ದನ್ನು ಯುಕ್ತಿಯಿಂದ ಮಾಡೋಣವೆಂದುಕೊಂಡೆ. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಬರೀ ನೀರು ಕೊಡುವುದಿಲ್ಲ, ಕೈಗೆ ಒಂದು ಚೂರು ಬೆಲ್ಲ ಇಟ್ಟು ಆಮೇಲೆ ತಂಬಿಗೆ ಕೊಡುವುದು ರಿವಾಜು. ನಾನು ಗಿಡದ ಕೆಳಗೆ ಹೋಗಿ, ಊರ ಹಿರಿಯನ ಹಾಗೆ ಕೆಮ್ಮಿ, ಬರೀ ನೀರು ಕೊಟ್ಟರೆ ತಿಕೋಟಾದ ಮಾನ ಹೋಗುತ್ತದೆ, ಬೆಲ್ಲ ಹೊಂದಿಸಲಾಗದಿದ್ದರೆ ಹರವಿ ಎತ್ತುವುದೇ ಲೇಸು ಎಂದು ಬುದ್ಧಿ ಹೇಳಿ ಬಂದೆ. ಈ ಮಕ್ಕಳಿಗೆ ಬೆಲ್ಲ ಎಲ್ಲಿಂದ ಬರಬೇಕು ಎಂಬ ಧೈರ್ಯ ನನ್ನದು. ಮರುದಿನ ನೋಡುತ್ತೇನೆ, ಮನೆಮನೆ ತಿರುಗಿ ತಂದ ಬೆಲ್ಲ ಬುಟ್ಟಿ ತುಂಬ. ಅದರಲ್ಲಿ ಎಲ್ಲಕ್ಕಿಂತ ದಪ್ಪನೆಯ ಹೆಂಟೆ ನಮ್ಮ ಅಡಿಗೆಮನೆಯದು. ಸಂತೆಯಲ್ಲಿ ನಾನೇ ಮೂಸಿ ಮೂಸಿ ಆರಿಸಿದ್ದು, ಗುರುತು ಹತ್ತದೆ ಇದ್ದೀತೆ? ಬೆಲ್ಲದ ಸುದ್ದಿ ಹಬ್ಬಿದ್ದೇ ಮಂದಿ ಇಮ್ಮಡಿಯಾಯಿತು. ನನ್ನ ಸೋಡಾ ಕುಡಿಯದೆ ಗಾಡಿ ಬಿಡದಿದ್ದ ವಿಜಾಪುರ ಬಸ್ಸಿನ ಡ್ರೈವರು ಕೂಡ ದವಡೆಯಲ್ಲಿ ಬೆಲ್ಲ ಇಟ್ಟುಕೊಂಡು, ನನ್ನದೇ ಬೆಂಚಿನ ಮೇಲೆ ಕೂತು, ಹುಡುಗರನ್ನು ಹೊಗಳತೊಡಗಿದ. ಬಾಟಲಿಗಳ ಮೇಲೆ ಧೂಳು ಕೂತಿತು. ಬ್ಯಾಸಗಿ ಹೀಗೇ ಕಳೆದರೆ ಯಂತ್ರ ಮಾರಿ, ವಿಜಾಪುರಕ್ಕೆ ಹೋಗಿ ಮತ್ತೆ ಇನ್ನೊಬ್ಬರ ಯಂತ್ರ ತಿರುವುವುದೇ ಗತಿ ಎಂದು ಲೆಕ್ಕ ಹಾಕುತ್ತ ಕೂತೆ.

ಹೀಗಿರಲು ಒಂದು ಸಂಜೆ ಸಂಘದವರೆಲ್ಲ ಸಾಲುಗಟ್ಟಿ ಅಂಗಡಿಗೆ ಬಂದರು. ಮಗಳು ಹಿಂದೆ ನೆಲ ನೋಡುತ್ತ ನಿಂತಳು. ಮುಂದೆ ಬಂದವನು ಕಾರ್ಯದರ್ಶಿ ಈರಣ್ಣ, ಚೋಟುದ್ದದ ಹುಡುಗ.

"ಕಾಕಾ, ನಾವು ಸಭಾ ಮಾಡೇವ್ರಿ. ಅರವಟ್ಟಿಗಿಯಿಂದ ನಿಮ್ಮ ಧಂದೆ ಕುಂತೈತಿ. ಬಡವರ ಹೊಟ್ಟಿ ಮ್ಯಾಲ ಹೊಡದು ಉಪಕಾರ ಮಾಡಬಾರದು ಅಂತ ಠರಾವು ಆಗೈತ್ರಿ. ನಾಳಿಂದ ಹರವಿ ತಗೀತೀವ್ರಿ."

ನಾನು ಬಯಸಿದ್ದೇ ಇದು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಬಡವ ಎಂಬ ಮಾತು ಕಿವಿಯಲ್ಲಿ ಕಾದ ಎಣ್ಣೆಯಂತೆ ಇಳಿಯಿತು. ಗಂಟು ಹೊತ್ತ ಮುದುಕಿಯರ ಪಂಕ್ತಿಯಲ್ಲಿ ನನ್ನನ್ನೂ ಕೂಡಿಸಿದ್ದರು.

"ಯಾರಲೇ ಬಡವ? ಈ ತೋಳು ನೋಡಿಲ್ಲೆ. ಒಂದು ಹರವಿಗೆ ಅಂಜೂ ಮನಶ್ಯಾ ಅಲ್ಲ ನಾ. ಅದನ್ನ ಎತ್ತಿದ್ರ ನನ್ನ ಆಣಿ ಐತಿ. ಒಂದ್ಯಾಕ, ನಾಳೆ ಎರಡು ಇಡ್ರಿ."

ಎರಡಕ್ಕೆ ನೀರು ಹೊರಲು ಮಂದಿ ಸಾಲುವುದಿಲ್ಲ, ಬಾವಿ ದೂರ ಎಂದು ಈರಣ್ಣ ವಿನಯದಿಂದ ಹೇಳಿದ. ನಾ ತರ್ತೀನಿ ಅಂದುಬಿಟ್ಟೆ. ಆಗ ಮಗಳು ಮೆಲ್ಲಗೆ ತಲೆಯೆತ್ತಿದಳು. ಬಡವರು ಎಂಬ ಶಬ್ದವನ್ನು ಈರಣ್ಣನ ಬಾಯಿಗೆ ಹಾಕಿದವಳು ಅಧ್ಯಕ್ಷಿಣಿಯೇ ಎಂದು ನಮ್ಮಾಕಿ ನನಗೆ ಹೇಳಿದ್ದು ಬಹಳ ದಿನಗಳ ಮೇಲೆ. ಅಪ್ಪನನ್ನು ಎಲ್ಲಿ ಮುಟ್ಟಿದರೆ ಏಳುತ್ತಾನೆ ಎಂಬುದನ್ನು ಅವಳಿಗೆ ಯಾವ ಮಾಸ್ತರೂ ಕಲಿಸಿರಲಿಲ್ಲ.

ಸರಿ, ಬಾಟಲಿ ಒಯ್ಯುವ ಕೈಗಾಡಿಯಲ್ಲಿ ಕೊಡಗಳನ್ನಿಟ್ಟು ನೀರು ದೂಡತೊಡಗಿದೆ. ಬೆಂಚಿನ ಮೇಲೆ ಕೂತವರಿಗೆ, ನೀರು ತಂದವನ ಕಣ್ಣೆದುರೇ ಎದ್ದು ಹೋಗಲು ಸಂಕೋಚವಾಗಿ, ಕೆಲವರಾದರೂ ಒಂದು ಸೋಡಾ ಒಡೆಸುತ್ತಿದ್ದರು. ಯಂತ್ರ ಮಾರುವ ಮಾತು ಹಿಂದೆ ಬಿತ್ತು. ಒಂದು ಮಧ್ಯಾಹ್ನ ಗಾಡಿ ದೂಡಿ ದೂಡಿ ಗಂಟಲು ಒಣಗಿ ಬಂದೆ. ಖರೆ ಹೇಳುತ್ತೇನೆ, ಸೋಡಾದಿಂದ ನೀರಡಿಕೆ ಹೋಗುವುದಿಲ್ಲ. ಇದನ್ನು ಗಿರಾಕಿಗಳ ಮುಂದೆ ಆಡಬೇಡಿ. ಸೀದಾ ಹರವಿಯ ಹತ್ತಿರ ಹೋದೆ. ಸಾಲಾಗ ನಿಂದರ್ರಿ ಎಂದಳು ಅಧ್ಯಕ್ಷಿಣಿ, ನನ್ನ ಮುಖವನ್ನೂ ನೋಡದೆ. ನಿಂತೆ. ಬೆಲ್ಲ ಬಾಯಿಗೆ ಬಿದ್ದು ಬೊಗಸೆಗೆ ನೀರು ಇಳಿಯುವ ಹೊತ್ತಿಗೆ ಸರಿಯಾಗಿ, ಬಸ್ಸಿನಿಂದಿಳಿದ ಪರವೂರಿನವನೊಬ್ಬ ಖಾಲಿ ಅಂಗಡಿಯ ಮುಂದೆ ನಿಂತು, ಸೋಡಾದ ಮಾಲಕ ಎಲ್ಲಿ ಹೋಗ್ಯಾನ್ರೀ ಎಂದು ಕೂಗಿದ.

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಬೊಗಸೆ ತೆಗೆಯದೆ ಅಂದೆ: "ನೀರು ಕುಡಿಯಾಕ ಹೋಗ್ಯಾನ್ರಿ, ಈಗ ಬರ್ತಾನ."